ನಾಲ್ಕನೆಯ ಹಾಡಿನ ಸದ್ದು

ಮಾರ್ಚ್ ೬

'ಹಿತ್ತಾಳೆ ಕಿವಿ' ಎಂಬ ಹೆಸರಿನಲ್ಲಿ ಬರೆಯುವವರಿಗೆ,

ನಮಸ್ಕಾರ. ನಿಮ್ಮ ನಿಜವಾದ ಹೆಸರು ನನಗೆ ಗೊತ್ತಿಲ್ಲ. ಪತ್ರಿಕೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ, ಅವರು ತಲುಪಿಸಿದರೆ ತಲುಪಲಿ. ನಾನು ದರ್ಜಿ. ಶಾಲೆಯ ಸಮವಸ್ತ್ರ, ಆಸ್ಪತ್ರೆಯವರ ಬಿಳಿ ಕೋಟು, ಹರಿದ ಪ್ಯಾಂಟು, ಯಾರು ಏನು ತಂದರೂ ಹೊಲಿದು ಕೊಡುತ್ತೇನೆ. ನೀವು 'ಗರಗಸ' ಎಂದು ಬರೆಯುತ್ತೀರಲ್ಲ, ಹೋದ ವರ್ಷ ತೀರಿಕೊಂಡ ಪಂಕ್ ಅಂತ ಕೂಗಿ ಹಾಡುತ್ತಿದ್ದ ಹಾಡುಗಾರ್ತಿ, ಅವಳು ನನ್ನ ಮಗಳು. ಮನೆಯಲ್ಲಿ ನಾವು ಗುಬ್ಬಿ ಅನ್ನುತ್ತಿದ್ದೆವು.

ಅವಳ ಜೊತೆ ಡ್ರಮ್ಮು ಬಾರಿಸುತ್ತಿದ್ದ ಹುಡುಗ, ಎಲ್ಲರೂ ಉದ್ದಣ್ಣ ಅನ್ನುತ್ತಾರೆ, ನಿಮ್ಮ ಪತ್ರಿಕೆಯನ್ನು ತಂದುಕೊಟ್ಟ. 'ಅವಳ ಕೊನೇ ಆಲ್ಬಮ್ಮನ್ನ ಎಷ್ಟು ಚೆನ್ನಾಗಿ ಹೊಗಳಿದಾರೆ ನೋಡಿ' ಅಂದ. ಅವನು ಪೂರ್ತಿ ಓದಿರಲಿಲ್ಲ ಅಂತ ಕಾಣುತ್ತದೆ. ನಾನು ಭೂತಗನ್ನಡಿ ಹಿಡಿದು ಪೂರ್ತಿ ಓದಿದೆ. ನೀವು ಬರೆದದ್ದನ್ನೇ ಬರೆಯುತ್ತೇನೆ:

'ಈ ಆಲ್ಬಮ್ಮಿಗೆ ಒಂದೇ ಒಂದು ಕಳಂಕ. ನಾಲ್ಕನೆಯ ಹಾಡಿನ ಕೆಳಗೆ ಯಾರೋ ಅರಸಿಕ ಒಂದು ಅಗ್ಗದ ತಾಳದ ಯಂತ್ರವನ್ನು ಕೂರಿಸಿದ್ದಾನೆ. ಅದು ಕಿತ್ತುಹೋದ ಚಪ್ಪಲಿಯ ಹಾಗೆ ಟಪಟಪ ಎನ್ನುತ್ತದೆ, ತಾಳ ತಪ್ಪುತ್ತದೆ, ನಡುವೆ ನಿಂತೇ ಹೋಗುತ್ತದೆ. ಸಾಯುತ್ತಿರುವ ಸಿಂಹಿಣಿಯ ಕಾಲಿಗೆ ಡಬ್ಬ ಕಟ್ಟಿದ ಆ ಪುಣ್ಯಾತ್ಮ ಯಾರು?'

ಆ ಪುಣ್ಯಾತ್ಮ ನಾನೇ. ಅದು ತಾಳದ ಯಂತ್ರ ಅಲ್ಲ, ನನ್ನ ಹೊಲಿಗೆ ಮೆಷೀನು. ಆ ಹಾಡಿನ ಹೊತ್ತಿಗೆ ಅವಳಿಗೆ ಸ್ಟುಡಿಯೋಗೆ ಹೋಗುವ ಶಕ್ತಿ ಇರಲಿಲ್ಲ. ಉದ್ದಣ್ಣ ಬಂದು ಹಾಸಿಗೆಯ ಪಕ್ಕದಲ್ಲಿ ಮೈಕು ನಿಲ್ಲಿಸಿ ಹೋಗಿದ್ದ. ಅವಳು ಒಳಕೋಣೆಯಲ್ಲಿ, ನಾನು ಹೊರಗಿನ ಅಂಗಡಿಯಲ್ಲಿ, ಮಧ್ಯೆ ಒಂದು ಬಾಗಿಲು. 'ಹಾಕ್ಲಾ ಬಾಗ್ಲು?' ಅಂತ ಕೇಳಿದೆ. 'ಬೇಡಪ್ಪ, ಸೆಕೆ' ಅಂದಳು. ಶಾಲೆ ಶುರುವಾಗುವ ಸಮಯ, ಸಮವಸ್ತ್ರ ರಾಶಿ ಬಿದ್ದಿತ್ತು. ನನ್ನ ಕಿವಿ ಮಂದ, ಮೆಷೀನು ಅಷ್ಟು ಗದ್ದಲ ಮಾಡುತ್ತದೆ ಅಂತ ನನಗೆ ತಿಳಿಯಲೇ ಇಲ್ಲ. ಮಗಳು ಕೊನೆಯ ಸಲ ಹಾಡುವಾಗ ಅಪ್ಪನಿಗೆ ಕಾಲು ನಿಲ್ಲಿಸಿಕೊಂಡು ಕೂರಲು ಆಗಲಿಲ್ಲ.

ಅವಳನ್ನು ಬೈಯಬೇಡಿ, ಉದ್ದಣ್ಣನನ್ನೂ ಬೈಯಬೇಡಿ. ತಪ್ಪು ನನ್ನದು. ಇಷ್ಟು ತಿಳಿಸಬೇಕು ಅನ್ನಿಸಿತು.

ಇಂತಿ,
ದರ್ಜಿ

&nbsp;

ಮಾರ್ಚ್ ೧೫

ಪೂಜ್ಯರೇ,

ನಿಮ್ಮ ಕಾಗದ ಓದಿ ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಿಬಿಡೋಣ ಅನ್ನಿಸಿತು. ಕೆಲಸದ ಜಾಗದಲ್ಲೇ ಓದಿದೆ. ಹೊರಗೆ ಜನ ಕಾಯುತ್ತಿದ್ದರು, ಬಾಗಿಲು ಹಾಕಿಕೊಂಡು ಹಾಗೇ ಕೂತುಬಿಟ್ಟೆ.

ನನ್ನ ಕೆಲಸ ಏನು ಗೊತ್ತೇ? ಕಿವಿ ಪರೀಕ್ಷೆ ಮಾಡುವುದು. ಹೌದು, ನಗಿ. ಗೋಡೆಗೆಲ್ಲ ಮೆತ್ತೆ ಹೊಡೆದ, ಹೊರಗಿನ ಸದ್ದು ಬಾರದ ಒಂದು ಪುಟ್ಟ ಕೋಣೆಯಲ್ಲಿ ಜನರನ್ನು ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, 'ಕೇಳ್ಸಿದ ತಕ್ಷಣ ಗುಂಡಿ ಒತ್ತಿ' ಅನ್ನುವವನು. ಅದಕ್ಕೇ ತಮಾಷೆಗೆ 'ಹಿತ್ತಾಳೆ ಕಿವಿ' ಅಂತ ಹೆಸರಿಟ್ಟುಕೊಂಡಿದ್ದೆ. ನನ್ನ ಕಿವಿಯ ಮುಂದೆ ಯಾರ ಕಿವಿಯೂ ಇಲ್ಲ ಅನ್ನುವ ಜಂಭ ಒಳಗೆ. ಹೊಲಿಗೆ ಮೆಷೀನಿನ ಸದ್ದು ಗೊತ್ತಾಗದವನಿಗೆ ಎಂಥ ಜಂಭ! ನನ್ನ ಹೆಂಡತಿಗೆ ನಿಮ್ಮ ಕಾಗದ ತೋರಿಸಿದೆ. ಅವಳು ಓದಿ, 'ಊರೋರ ಕಿವಿಯೆಲ್ಲ ನೋಡೋ ಮಹರಾಯ, ಮನೇಲಿ ನಾನು ಕರೆದ್ರೆ ಒಂದಿನ ಕೇಳಿಸ್ಕೊಂಡಿದೀಯಾ? ಕೇಳಿಸ್ಕೊಳ್ಳೋದು ಅಂದ್ರೆ ಏನು ಅಂತ ಅವರ ಹತ್ರ ಹೋಗಿ ಕಲ್ತ್ಕೋ' ಅಂದಳು. ಆಮೇಲೆ ಊಟಕ್ಕೂ ಕರೆಯಲಿಲ್ಲ.

ನಾನು ಯಾಕೆ ಹಾಗೆ ಬರೆದೆ ಅಂತ ಹೇಳಬೇಕು. ಹುಡುಗನಾಗಿದ್ದಾಗ ನನಗೆ ಉಗ್ಗು ಇತ್ತು. ಗರಗಸ ಮೊದಲ ಸಲ ವೇದಿಕೆಯ ಮೇಲೆ ಕೂಗಿದ್ದನ್ನು ಒಂದು ಗೋದಾಮಿನಲ್ಲಿ ಕೇಳಿದೆ. ಅವಳಿಗೆ ಸ್ವರ ಸರಿ ಇಲ್ಲ, ಗಿಟಾರಿಗೆ ಎರಡೇ ತಂತಿ, ಆದರೂ ಅವಳಿಗೆ ಹೇಳಬೇಕಾದ್ದು ಅರ್ಧಕ್ಕೆ ನಿಲ್ಲುತ್ತಿರಲಿಲ್ಲ. ಅವತ್ತು ನಾನೂ ಜೋರಾಗಿ ಕೂಗಿದೆ. ಗಂಟಲು ಕಟ್ಟಿಹೋಯಿತು, ಉಗ್ಗಲಿಲ್ಲ. ಅಲ್ಲಿಂದ ನಾನು ಅವಳ ಎಲ್ಲ ಹಾಡಿಗೂ ಕಿವಿ ಕೊಟ್ಟವನು.

ಹಳೆಯ ಆಲ್ಬಮ್ಮುಗಳಲ್ಲಿ ಅವಳು ಮಾಲೀಕರಿಗೆ ಬೈದಳು, ಅಧಿಕಾರಿಗಳಿಗೆ ಬೈದಳು. ಈ ಕೊನೆಯದರಲ್ಲಿ ಬೈದದ್ದು ತನ್ನ ಎದೆಗೂಡಿಗೆ. ಮೊದಲ ಹಾಡು ಕೆಮ್ಮಿನಿಂದ ಶುರು, ಅದನ್ನು ತೆಗೆಸಿಲ್ಲ. ಎರಡನೆಯದರಲ್ಲಿ ಮಾತ್ರೆಗಳ ಹೆಸರು ಒಂದಾದ ಮೇಲೆ ಒಂದು ಹೇಳಿ, ಕೊನೆಗೆ 'ನೀವೆಲ್ಲ ಹೊರಗೆ ನಡೀರಿ' ಅನ್ನುತ್ತಾಳೆ. ನಗು ಬರುತ್ತದೆ, ನಕ್ಕ ಮೇಲೆ ನಾಚಿಕೆಯಾಗುತ್ತದೆ. ಆಲ್ಬಮ್ಮಿನ ಹೆಸರು 'ಜೋರಾಗಿ ಹೇಳು'. ಅದು ಬಾಯಿಲ್ಲದವರಿಗೆಲ್ಲ ಅವಳು ಕೊಟ್ಟ ಕರೆ ಅಂತ ನಾನು ಮೂರು ಪುಟ ಬರೆದಿದ್ದೇನೆ. ಅಷ್ಟು ಪ್ರೀತಿಯಿಂದ ಬರೆದವನು ಒಂದು ದೋಷ ಹುಡುಕದೆ ಬಿಟ್ಟರೆ ಎಲ್ಲಿ ಕುರುಡು ಭಕ್ತ ಅಂದುಬಿಡುತ್ತಾರೋ ಎಂಬ ಭಯಕ್ಕೆ ನಾಲ್ಕನೆಯ ಹಾಡನ್ನು ಹಿಡಿದುಕೊಂಡೆ. ನಿಜ ಇಷ್ಟೇ.

ದಯವಿಟ್ಟು ಕ್ಷಮಿಸಿ. ನಿಮ್ಮ ಕಿವಿಗೆ ಯಂತ್ರ ಬೇಕಿದ್ದರೆ ನಾನೇ ಬಂದು ಅಳತೆ ತೆಗೆದುಕೊಂಡು ಹೋಗುತ್ತೇನೆ.

ತಲೆ ತಗ್ಗಿಸಿ,
ಹಿತ್ತಾಳೆ ಕಿವಿ

&nbsp;

ಮಾರ್ಚ್ ೨೮

ಹಿತ್ತಾಳೆ ಕಿವಿಯವರಿಗೆ,

ನೀವು ಕ್ಷಮೆ ಕೇಳುವುದು ಬೇಡ. ಕೇಳಿಸಿದ್ದನ್ನು ಕೇಳಿಸಿತು ಅಂದಿರಿ. ಕಿವಿಗೆ ಯಂತ್ರವೂ ಬೇಡ. ಈ ವಯಸ್ಸಿಗೆ ಕೇಳಿಸಿಕೊಳ್ಳಬೇಕಾದ್ದೆಲ್ಲ ಆಯಿತು.

'ಜೋರಾಗಿ ಹೇಳು' ಅನ್ನುವುದು ಕರೆಯೂ ಅಲ್ಲ, ಗಿರೆಯೂ ಅಲ್ಲ. ಅದು ನಾನು ಅವಳಿಗೆ ದಿನಾ ಹೇಳುತ್ತಿದ್ದ ಮಾತು. ಚಿಕ್ಕಂದಿನಿಂದಲೂ ಅವಳು ಏನು ಬಂದು ಹೇಳಿದರೂ ನಾನು ಮೆಷೀನಿನಿಂದ ತಲೆ ಎತ್ತದೆ 'ಆಂ? ಜೋರಾಗಿ ಹೇಳು' ಅನ್ನುತ್ತಿದ್ದೆ. ಮೂರು ಪುಟ ಬರೆದಿದ್ದೀರಿ ಅಂತ ಸುಮ್ಮನಿರೋಣ ಅಂದುಕೊಂಡೆ, ಆದರೆ ಹೇಳದೆ ಇರಲಾಗಲಿಲ್ಲ.

ಅವಳ ತಾಯಿ ಹೋದ ಮೇಲೆ ಅಂಗಡಿಯೇ ಅವಳ ಆಟದ ಮನೆ. ನನ್ನ ಕಣ್ಣಿಗೆ ಸೂಜಿಯ ಕಣ್ಣು ಕಾಣುವುದು ಮೊದಲಿನಿಂದಲೂ ಕಷ್ಟ. 'ಗುಬ್ಬೀ, ದಾರ!' ಅಂದರೆ ಎಲ್ಲಿದ್ದರೂ ಓಡಿಬಂದು ಪೋಣಿಸಿ ಓಡಿಹೋಗುತ್ತಿದ್ದಳು. ದೊಡ್ಡವಳಾಗಿ ತಲೆ ಅರ್ಧ ಬೋಳಿಸಿಕೊಂಡು ಬಂದ ದಿನ ನಾವಿಬ್ಬರೂ ಮಾತಾಡಿರಲಿಲ್ಲ, ಆವತ್ತೂ ದಾರ ಅಂದಾಗ ಬಂದು ಪೋಣಿಸಿ ಹೋದಳು. ಹಾಸಿಗೆ ಹಿಡಿದ ಮೇಲೆ ನಾನು ಕರೆಯುವುದನ್ನು ಬಿಟ್ಟೆ. ಏಳುವುದು ಅವಳಿಗೆ ಕಷ್ಟವಾಗುತ್ತಿತ್ತು.

ನಾಚಿಕೆಯ ವಿಷಯ ಇನ್ನೊಂದಿದೆ. ಗಿರಾಕಿಗಳು 'ಮಗಳು ಏನ್ಮಾಡ್ತಾಳೆ?' ಅಂತ ಕೇಳಿದರೆ 'ಕರೆಂಟಿನ ಕೆಲಸ' ಅನ್ನುತ್ತಿದ್ದೆ. ಯಾವಾಗಲೂ ಹೆಗಲ ಮೇಲೆ ವೈರು ಹೊತ್ತುಕೊಂಡು ತಿರುಗುತ್ತಿದ್ದಳಲ್ಲ, ಎಲ್ಲರೂ ನಂಬಿದರು. ಹೋದ ತಿಂಗಳು ಒಬ್ಬ ಹೆಂಗಸು ಒಂದು ಬನಿಯನ್ ತಂದು, ಪಕ್ಕ ಬಿಗಿ ಮಾಡಿಕೊಡಿ ಅಂದಳು. ಅದರ ಎದೆಯ ಮೇಲೆ ನನ್ನ ಗುಬ್ಬಿಯ ಮುಖ, ಬಾಯಿ ಇಷ್ಟಗಲ ತೆಗೆದುಕೊಂಡು ಕೂಗುತ್ತಿರುವುದು. ಮಗಳ ಮುಖ ಮಡಿಚಿ ಮೆಷೀನಿಗೆ ಕೊಟ್ಟು, ಪಕ್ಕ ಹೊಲಿದು, ಇಸ್ತ್ರಿ ಮಾಡಿ ಕೊಟ್ಟೆ. ಸತ್ತ ಮೇಲೂ ಅವಳನ್ನು ನನ್ನವಳು ಅನ್ನಲಿಲ್ಲ.

ಅದಕ್ಕೇ ಈಗ ಒಂದು ಕೆಲಸವಾದರೂ ಸರಿ ಮಾಡೋಣ ಅಂತಿದ್ದೇನೆ. ಒಂದು ದೊಡ್ಡ ಕಂಪನಿ ಅವಳ ಆಲ್ಬಮ್ಮನ್ನು ಹೊಸದಾಗಿ ತರುತ್ತದಂತೆ. ನನ್ನ ಒಪ್ಪಿಗೆ ಕೇಳಿದ್ದಾರೆ. ಉದ್ದಣ್ಣನನ್ನು ಕರೆದು, 'ನನ್ನ ಮೆಷೀನಿನ ಸದ್ದು ತೆಗೀಬಹುದೇನೋ?' ಅಂದೆ. ಆಗ ಆಗುತ್ತಿರಲಿಲ್ಲ, ಈಗ ಅದಕ್ಕೆಲ್ಲ ಉಪಾಯ ಬಂದಿದೆ ಅಂದ. ತೆಗೆದುಬಿಡು ಅಂದಿದ್ದೇನೆ. ಹಾಡು ಅವಳೊಬ್ಬಳದಾಗಿ ಉಳಿಯಲಿ.

ಆಲ್ಬಮ್ಮನ್ನು ನಾನು ಕೇಳಿಲ್ಲ. ಕೇಳುವ ಧೈರ್ಯ ಇಲ್ಲ.

ಇಂತಿ,
ದರ್ಜಿ

&nbsp;

ಏಪ್ರಿಲ್ ೧೦

ಪೂಜ್ಯರೇ,

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ಬನಿಯನ್ನಿನ ವಿಷಯ ಓದಿದಾಗ ನನ್ನ ಹೆಂಡತಿ ಎದ್ದು ಒಳಗೆ ಹೋದಳು.

ಸದ್ದು ತೆಗೆಸುವುದು ಒಳ್ಳೆಯ ನಿರ್ಧಾರ. ಇದು ನಿಮ್ಮನ್ನು ದೂರುವ ಮಾತಲ್ಲ. ಯಾರು ಮಾಡಿದ ಸದ್ದಾದರೂ ಸದ್ದು ಸದ್ದೇ. ಹಾಡು ಶುದ್ಧವಾದರೆ ಅವಳಿಗೂ ಸಮಾಧಾನ, ನಿಮಗೂ ಸಮಾಧಾನ, ನಿಜ ಹೇಳಬೇಕೆಂದರೆ ನನ್ನ ಮನಸ್ಸಿನ ಭಾರವೂ ಇಳಿಯುತ್ತದೆ.

ನಾನು ಉದ್ದಣ್ಣನಿಗೆ ಫೋನು ಮಾಡಿದ್ದೆ. 'ನಿಮ್ಮಂಥ ಕಿವಿ ಇರೋರು ಪಕ್ಕದಲ್ಲಿ ಕೂತ್ರೆ ನಂಗೂ ಧೈರ್ಯ' ಅಂದರು. ರಜೆ ಹಾಕಿ ಹೋಗುತ್ತಿದ್ದೇನೆ. ಗರಗಸಳ ಆಲ್ಬಮ್ಮಿಗೆ ಕೈ ಹಚ್ಚುವ ಭಾಗ್ಯ ನನಗೆ ಬರುತ್ತದೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಹೆಂಡತಿಗೆ ಹೇಳಿದರೆ, 'ಸರಿಯಾಗಿರೋದನ್ನ ಕೆಡಿಸಿ ಬರಬೇಡ' ಅಂದಳು. ಅವಳಿಗೆ ಈ ಸಂಗೀತ ಅಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ.

ಕೆಲಸ ಮುಗಿಸಿ ಬರೆಯುತ್ತೇನೆ.

ವಿಧೇಯ,
ಹಿತ್ತಾಳೆ ಕಿವಿ

&nbsp;

ಮೇ ೨

ಪೂಜ್ಯರೇ,

ಕೆಲಸ ಮುಗಿದಿದೆ. ಮುಗಿಯಬಾರದಿತ್ತು. ಹೇಗೆ ಬರೆಯಲಿ ಅಂತ ತಿಳಿಯುತ್ತಿಲ್ಲ, ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಸ್ಟುಡಿಯೋದಲ್ಲಿ ನಾನು, ಉದ್ದಣ್ಣ, ಕಂಪನಿಯ ಒಬ್ಬರು ಕೂತಿದ್ದೆವು. ಸ್ವಲ್ಪ ಸ್ವಲ್ಪವಾಗಿ ನಿಮ್ಮ ಮೆಷೀನನ್ನು ಬೇರ್ಪಡಿಸಿದೆವು. 'ಇಲ್ಲೊಂದು ಟಕ್ ಉಳಿದಿದೆ, ತೆಗೀರಿ. ಇಲ್ಲಿನ್ನೊಂದು' ಅಂತ ತೋರಿಸಿದವನು ನಾನೇ. ಅಕ್ಕಿಯಲ್ಲಿ ಕಲ್ಲು ಆರಿಸುವವನ ಹಾಗೆ ಆರಿಸಿದೆ. ಎಲ್ಲ ತೆಗೆದ ಮೇಲೆ ಹಾಡನ್ನು ಮೊದಲಿಂದ ಹಾಕಿದರು.

ಹಾಡು ಸತ್ತುಹೋಗಿತ್ತು.

ಬೇರೆ ಮಾತು ಸಿಗುತ್ತಿಲ್ಲ. ಫೋನಿನಲ್ಲಿ ಒಬ್ಬರು ಮಾತಾಡುವುದನ್ನು ಪಕ್ಕದಲ್ಲಿ ನಿಂತು ಕೇಳಿದ ಹಾಗೆ, ಬರೀ ಒಂದು ಕಡೆಯ ಮಾತು. ಕಾರಣವಿಲ್ಲದೆ ಓಡುತ್ತಾಳೆ, ಕಾರಣವಿಲ್ಲದೆ ನಿಧಾನವಾಗುತ್ತಾಳೆ, ಅರ್ಧ ಮಾತಿನಲ್ಲಿ ನಿಂತುಬಿಡುತ್ತಾಳೆ. ನಡುವೆ ಆ ದೊಡ್ಡ ಖಾಲಿ ಜಾಗ ಬಂತು. ಉಸಿರು ಬಿಟ್ಟರೆ ಏನೂ ಇಲ್ಲ. ಕಂಪನಿಯವರು, 'ಪಾಪ, ಇಲ್ಲಿ ಸುಸ್ತಾಗಿಬಿಟ್ಟಿದಾರೆ. ಈ ಖಾಲಿ ಜಾಗ ಕತ್ತರಿಸಿ ಎರಡು ತುದಿ ಸೇರಿಸ್ಬಿಡೋಣ' ಅಂದರು. ನಾನು ಎದ್ದು ಬಂದೆ.

ಮರುದಿನ ಹಾಡಿನ ಹಳೆಯದು, ಹೊಸದು ಎರಡನ್ನೂ ನನ್ನ ಪರೀಕ್ಷೆಯ ಕೋಣೆಗೆ ತಂದೆ. ಯಾವಾಗಲೂ ಬೇರೆಯವರು ಕೂರುವ ಕುರ್ಚಿಯಲ್ಲಿ ನಾನು ಕೂತು, ಹೆಡ್‌ಫೋನು ಹಾಕಿಕೊಂಡು, ಹಳೆಯದನ್ನು ಕೇಳಿದೆ. ಈ ಸಲ ಅವಳನ್ನು ಬಿಟ್ಟು ನಿಮ್ಮ ಮೆಷೀನನ್ನೇ ಕೇಳಿದೆ. ಆಗ ಗೊತ್ತಾಯಿತು. ನಿಮ್ಮ ಮೆಷೀನು ಓಡಿದಲ್ಲಿ ಅವಳ ಮಾತು ಓಡುತ್ತದೆ. ಅದು ನಿಧಾನವಾದರೆ ಅವಳು ಎಳೆಯುತ್ತಾಳೆ. ಅದು ನಿಂತರೆ, ಮಾತು ಎಲ್ಲಿದೆಯೋ ಅಲ್ಲೇ ನಿಲ್ಲುತ್ತಾಳೆ. ಮತ್ತೆ ಹೊರಟರೆ ಬಿಟ್ಟಲ್ಲಿಂದಲೇ ಹಿಡಿಯುತ್ತಾಳೆ. ಅವಳು ತಾಳ ತಪ್ಪಿಲ್ಲ. ನಿಮ್ಮನ್ನು ತಾಳ ಮಾಡಿಕೊಂಡಿದ್ದಾಳೆ. ಸೆಕೆ ಅಂತ ಬಾಗಿಲು ತೆರೆದಿಡಲು ಹೇಳಿದಳು ಅಂದಿರಿ. ಆ ಹಾಡಿನ ಹೆಸರೇ 'ಬಾಗಿಲು ತೆರೆದಿರಲಿ'. ನಾನು ಅದನ್ನು ಆಲ್ಬಮ್ಮಿನ ಹೊದಿಕೆಯ ಮೇಲೆ ಎಷ್ಟೋ ಸಲ ಓದಿದ್ದೆ.

ಒಂದು ಪ್ರಶ್ನೆ ಇದೆ. ಆ ಖಾಲಿ ಜಾಗದಲ್ಲಿ ನೀವು ಏನು ಮಾಡುತ್ತಿದ್ದಿರಿ? ಗಿರಾಕಿ ಬಂದಿದ್ದರಾ? ಎದ್ದು ಹೋದಿರಾ? ಯಾಕೆ ಕೇಳುತ್ತೇನೆಂದರೆ, ಅಷ್ಟು ಹೊತ್ತೂ ಅವಳು ಸುಮ್ಮನಿದ್ದಾಳೆ. ಕೊನೆಗೆ ಒಂದು ಸಣ್ಣ ಟಕ್ ಕೇಳಿಸುತ್ತದೆ, ಮೆಷೀನು ಓಡುವ ಮುಂಚೆ. ಆ ಟಕ್ ಆದ ಕೂಡಲೇ ಅವಳು ಉಸಿರು ಎಳೆದುಕೊಳ್ಳುತ್ತಾಳೆ. ನೀವು ಶುರು ಮಾಡುತ್ತೀರಿ ಅಂತ ಅವಳಿಗೆ ಮೊದಲೇ ತಿಳಿದ ಹಾಗಿದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತಲ್ಲ, ಕೇಳಲಾರದ ನಾನು ನಿಮ್ಮ ಮೆಷೀನನ್ನು ಡೊಂಕು ಅಂದೆ. ನನ್ನ ಮಾತು ಕೇಳಿ ನೀವು ಒಪ್ಪಿಗೆ ಕೊಟ್ಟಿರಿ. ಇದೇ ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತದೆ. ಬೇಡ ಅನ್ನಲು ನಿಮ್ಮೊಬ್ಬರಿಗೇ ಅಧಿಕಾರ. ದಯವಿಟ್ಟು ನಿಲ್ಲಿಸಿ. ನಿಲ್ಲಿಸುವ ಮೊದಲು ಒಮ್ಮೆ ಕೇಳಿ.

ಮುಖ ತೋರಿಸಲಾರದ,
ಹಿತ್ತಾಳೆ ಕಿವಿ

&nbsp;

ಮೇ ೯

ಸ್ವಾಮೀ,

ನಿಮ್ಮ ನಾಲಗೆಗೆ ಎಲುಬಿಲ್ಲ. ಮಾರ್ಚಿನಲ್ಲಿ ಅದು ಕಿತ್ತುಹೋದ ಚಪ್ಪಲಿ, ಏಪ್ರಿಲ್‌ನಲ್ಲಿ ತೆಗೆಸುವುದು ಒಳ್ಳೆಯ ನಿರ್ಧಾರ, ಮೇ ಬಂದ ಕೂಡಲೇ ಅದೇ ಹಾಡಿನ ಜೀವ. ಜೂನ್‌ನಲ್ಲಿ ಇನ್ನೇನು ಅನ್ನುತ್ತೀರಿ?

ನೀವು ಕರುಣೆಯಿಂದ ಬರೆದಿದ್ದೀರಿ ಅಂತ ನನಗೆ ಗೊತ್ತು. ಮುದುಕನಿಗೆ ಬೆಣ್ಣೆ ಹಚ್ಚಿದರೆ ಸಮಾಧಾನ ಆಗುತ್ತದೆ ಅಂದುಕೊಂಡಿರಿ. ನನಗೆ ಮಗಳು ಹೋಗಿದ್ದಾಳೆ, ಬುದ್ಧಿ ಹೋಗಿಲ್ಲ. ಆ ದಿನ ನಾನು ಹೊಲಿಯುತ್ತಿದ್ದೆ, ಅವಳು ಹಾಡುತ್ತಿದ್ದಳು. ನನಗೆ ಅವಳ ಹಾಡು ಕೇಳಿಸುತ್ತಿರಲಿಲ್ಲ, ಕೇಳಿಸಿದರೂ ನಿಲ್ಲಿಸುತ್ತಿದ್ದೆನೋ ಇಲ್ಲವೋ. ಅದಕ್ಕೆ ತಾಳ ಗೀಳ ಅಂತ ಹೆಸರಿಟ್ಟು ನನ್ನನ್ನು ದೊಡ್ಡವನನ್ನಾಗಿ ಮಾಡಬೇಡಿ. ಅದು ಇನ್ನೂ ನಾಚಿಕೆ.

ಇನ್ನು ಬರೆಯಬೇಡಿ.

ದರ್ಜಿ

&nbsp;

ಮೇ ೧೪

ಪೂಜ್ಯರೇ,

ಬರೆಯಬೇಡಿ ಅಂದಿರಿ, ಆದರೂ ಬರೆಯುತ್ತಿದ್ದೇನೆ. ಬೈಯಿರಿ, ಬೈಸಿಕೊಳ್ಳುತ್ತೇನೆ.

ನಾಲಗೆಗೆ ಎಲುಬಿಲ್ಲ ಅಂದದ್ದು ನಿಜ. ನನ್ನ ಮಾತನ್ನು ನಂಬಬೇಡಿ, ಹೊಗಳಿದ್ದನ್ನೂ ನಂಬಬೇಡಿ. ನಿಮ್ಮ ಕೈಯನ್ನು ನಂಬಿ. ನಮ್ಮಲ್ಲಿಗೆ ಬರುವ ತೀರಾ ಕಿವುಡಾದವರಿಗೂ ಸದ್ದು ಅಂಗೈಗೆ ತಿಳಿಯುತ್ತದೆ. ಇದರೊಂದಿಗೆ ಹಳೆಯ ರೆಕಾರ್ಡು ಇಟ್ಟಿದ್ದೇನೆ, ನನ್ನ ಸ್ವಂತದ್ದು, ಅವಳ ಸಹಿ ಇರುವುದು. ಉದ್ದಣ್ಣ ರೆಕಾರ್ಡು ಪ್ಲೇಯರು ತರುತ್ತಾರೆ. ಸ್ಪೀಕರನ್ನು ನಿಮ್ಮ ಮೆಷೀನಿನ ಹಲಗೆಯ ಮೇಲೆ ಇಡಿ. ಪಕ್ಕದಲ್ಲಿ ಅಂಗೈ ಊರಿ. ನಾಲ್ಕನೆಯ ಹಾಡು.

ಆಮೇಲೂ ಸದ್ದು ತೆಗೆಯಬೇಕು ಅನ್ನಿಸಿದರೆ ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ.

ಹಿತ್ತಾಳೆ ಕಿವಿ

&nbsp;

ಮೇ ೨೭

ಹಿತ್ತಾಳೆ ಕಿವಿಯವರಿಗೆ,

ರೆಕಾರ್ಡು ಬಂದು ಎಷ್ಟೋ ದಿನ ಕತ್ತರಿಸಿಟ್ಟ ಬಟ್ಟೆಗಳ ಕೆಳಗೆ ಇತ್ತು. ಉದ್ದಣ್ಣ ರೆಕಾರ್ಡು ಪ್ಲೇಯರು ತಂದಿಟ್ಟು, 'ನಾನಿರ್ಲಾ?' ಅಂದ. 'ನೀನು ಹೋಗಪ್ಪ' ಅಂದೆ. ಮೊನ್ನೆ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು, ನೀವು ಹೇಳಿದ ಹಾಗೆ ಸ್ಪೀಕರನ್ನು ಹಲಗೆಯ ಮೇಲಿಟ್ಟು, ಕೈ ಊರಿ ಕೂತೆ.

ಮೊದಲು ಏನೂ ತಿಳಿಯಲಿಲ್ಲ. ಆಮೇಲೆ ನನ್ನ ಕಾಲು ತಾನಾಗಿಯೇ ಪೆಡಲಿನ ಮೇಲೆ ಹೋಯಿತು. ಬೇರೆಯವರ ಹೊಲಿಗೆ ಆಗಿದ್ದರೆ ಗೊತ್ತಾಗುತ್ತಿರಲಿಲ್ಲ, ನನ್ನದು ನನಗೆ ಗೊತ್ತಾಗದೆ ಇರುತ್ತದೆಯೇ? ಅದು ಕಾಲರು. ಉದ್ದಕ್ಕೆ ಓಡಿ, ಮೂಲೆ ಬಂದಾಗ ನಿಂತು, ಬಟ್ಟೆ ತಿರುಗಿಸಿ, ಚಿಕ್ಕದಾಗಿ ಹೋಗಿ, ಮತ್ತೆ ನಿಂತು, ಮತ್ತೆ ಉದ್ದಕ್ಕೆ. ಶಾಲೆಯ ಮಕ್ಕಳ ಕಾಲರು, ಒಂದಾದ ಮೇಲೆ ಒಂದು. ಕೈಗೆ ಮೆಷೀನು ತಿಳಿಯುತ್ತಿತ್ತು. ಕಿವಿಯನ್ನು ಸ್ಪೀಕರಿಗೆ ಒತ್ತಿ ಹಿಡಿದರೆ ಗುಬ್ಬಿ ಕೇಳಿಸುತ್ತಿದ್ದಳು. ನೀವು ಹೇಳಿದ್ದು ನಿಜ. ನಾನು ಮೂಲೆ ತಿರುಗಿಸುವಾಗ ಅವಳು ನಿಲ್ಲುತ್ತಾಳೆ.

ಆಮೇಲೆ ನಿಮ್ಮ ಖಾಲಿ ಜಾಗ ಬಂತು.

ಏನು ಮಾಡುತ್ತಿದ್ದಿರಿ ಅಂತ ಕೇಳಿದಿರಿ. ಗಿರಾಕಿ ಬಂದಿರಲಿಲ್ಲ. ನಾನು ಎದ್ದೂ ಹೋಗಿರಲಿಲ್ಲ. ದಾರ ಕಡಿದಿತ್ತು. ಸೂಜಿಗೆ ದಾರ ಪೋಣಿಸುತ್ತಿದ್ದೆ.

ನನಗೆ ಒಂದೇ ಸಲಕ್ಕೆ ಆಗುವುದಿಲ್ಲ. ತುದಿ ನಾಲಗೆಗೆ ಹಚ್ಚಿ ಚೂಪು ಮಾಡಬೇಕು, ಕತ್ತು ಚಾಚಬೇಕು, ತಪ್ಪಬೇಕು, ಮತ್ತೆ ಹಚ್ಚಬೇಕು. ಅವಳ ಹಾಸಿಗೆಯಿಂದ ನೋಡಿದರೆ ನನ್ನ ಬೆನ್ನು ಕಾಣುತ್ತಿತ್ತು, ಬಗ್ಗಿದ ಕತ್ತು ಕಾಣುತ್ತಿತ್ತು. ಏನು ನಡೆಯುತ್ತಿದೆ ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೂಗೋಣ ಅಂತ ನನ್ನ ಬಾಯಿಗೆ ಬಂದಿತ್ತು, ಬರುತ್ತಲೇ ಇತ್ತು ಆಗೆಲ್ಲ. ಎದ್ದು ಬರಲಾರಳು, ಬರಲಾರೆ ಅನ್ನುವುದು ಅವಳಿಗೆ ಇನ್ನೂ ನೋವು ಅಂತ ಹಲ್ಲು ಕಚ್ಚಿಕೊಂಡು ನಾನೇ ತಡಕಾಡಿದೆ. ನಾನು ಕರೆಯಲಿಲ್ಲ, ಅವಳು ಬರಲಿಲ್ಲ. ಕಾದಳು. ಮೈಕು ಓಡುತ್ತಿತ್ತು, ಹಾಡು ಅರ್ಧಕ್ಕೆ ನಿಂತಿತ್ತು, ಅಪ್ಪನ ದಾರ ಪೋಣಿಸುವುದು ಮುಗಿಯಲಿ ಅಂತ ಕಾದಳು. ಅವಳ ಹತ್ತಿರ ಉಳಿದಿದ್ದ ಉಸಿರೇ ಅಷ್ಟು, ಅದರಲ್ಲಿ ಇಷ್ಟನ್ನು ನನಗಾಗಿ ಕಾಯಲು ಖರ್ಚು ಮಾಡಿದಳು.

ಟಕ್ ಅಂತ ಕೇಳಿಸುತ್ತದೆ ಅಂದಿರಲ್ಲ, ಅದು ಏನು ಅಂತ ಹೇಳುತ್ತೇನೆ. ದಾರ ಹಾಕಿ ಆದ ಮೇಲೆ, ಬಟ್ಟೆಯನ್ನು ಒತ್ತಿ ಹಿಡಿಯುವ ಕಬ್ಬಿಣದ ಕಾಲನ್ನು ಇಳಿಸಿದರೆ ಆಗುವ ಸದ್ದು. ಅದಾದ ಮೇಲೆ ನಾನು ತುಳಿಯುತ್ತೇನೆ. ಆ ಮೆಷೀನಿನ ಕೆಳಗೆ ಆಡಿ ಬೆಳೆದವಳಿಗೆ ಅದು ಗೊತ್ತಿರುವುದರಲ್ಲಿ ಆಶ್ಚರ್ಯ ಇಲ್ಲ. ಅವಳು ಉಸಿರು ಎಳೆದುಕೊಳ್ಳುವುದು ನನ್ನ ಕಿವಿಗೆ ಸಿಗಲಿಲ್ಲ. ಮೂರು ಸಲ ಹಾಕಿದೆ, ಸಿಗಲಿಲ್ಲ. ನೀವು ಕೇಳಿಸುತ್ತದೆ ಅಂದಿದ್ದೀರಿ, ಇದೊಂದನ್ನು ನಿಮ್ಮ ಮಾತಿನ ಮೇಲೆ ನಂಬುತ್ತೇನೆ. ಕಿವಿಗೆ ಯಂತ್ರ ಕೊಡುತ್ತೇನೆ ಅಂದಿದ್ದಿರಲ್ಲ, ಈಗ ಬೇಕು. ಬೇಡ ಅಂದಿದ್ದವನೇ ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ.

ಇಷ್ಟು ದಿನ ಸದ್ದು ಮಾಡಿದೆನಲ್ಲ ಅಂತ ನಾಚಿಕೆಪಡುತ್ತಿದ್ದೆ. ಈಗ ನಾಚಿಕೆ ಬೇರೆಯದು. ಅವಳು ನನ್ನ ಕೆಲಸವನ್ನು ಅಷ್ಟು ಕಿವಿಗೊಟ್ಟು ಕೇಳಿದಳು. ಅವಳ ಕೆಲಸಕ್ಕೆ ನಾನು ಒಂದು ದಿನ ತಲೆ ಎತ್ತಲಿಲ್ಲ. ಇದಕ್ಕೆ ನಿಮ್ಮ ಹತ್ತಿರವೂ ಔಷಧಿ ಇಲ್ಲ, ನನಗೆ ಬೇಕಾಗಿಯೂ ಇಲ್ಲ. ಇದು ನನ್ನ ಜೊತೆ ಇರಲಿ.

ನಿನ್ನೆ ಕಂಪನಿಯವರಿಗೆ ಹೇಳಿ ಬಂದೆ. ಹಾಡು ಮೊದಲು ಹೇಗಿತ್ತೋ ಹಾಗೇ ಬರಬೇಕು, ಇಲ್ಲದಿದ್ದರೆ ನನ್ನ ಒಪ್ಪಿಗೆ ಇಲ್ಲ. ಅವರು, 'ಆಯ್ತು ಯಜಮಾನ್ರೇ, ಆದ್ರೆ ಮಧ್ಯದ ಆ ಖಾಲಿ ಜಾಗ ಸ್ವಲ್ಪ ಕಮ್ಮಿ ಮಾಡ್ತೀವಿ, ಕೇಳೋರಿಗೆ ಬೇಜಾರಾಗತ್ತೆ' ಅಂದರು. 'ಕತ್ತರಿ ಹಿಡ್ಯೋದು ನನಗೂ ಬರುತ್ತೆ. ಅದನ್ನ ಮುಟ್ಟಬೇಡಿ' ಅಂದೆ. ಹೊದಿಕೆಯ ಮೇಲೆ ಡ್ರಮ್ಮು ಯಾರು, ಗಿಟಾರು ಯಾರು ಅಂತ ಹಾಕುತ್ತಾರಂತೆ, ಅಲ್ಲಿ ನನ್ನ ಹೆಸರನ್ನೂ ಹಾಕುತ್ತೇವೆ ಅಂದರು. ಹೆಸರು ಬೇಡ, 'ಹೊಲಿಗೆ ಮೆಷೀನು: ಅಪ್ಪ' ಅಂತ ಹಾಕಿ ಸಾಕು ಅಂದೆ.

ಬರುವಾಗ ಬೀದಿಯ ಗೋಡೆಯಿಂದ ಅವಳ ಪೋಸ್ಟರೊಂದನ್ನು ಬಿಡಿಸಿಕೊಂಡು ಬಂದು ಮೆಷೀನಿನ ಎದುರಿಗೆ ಅಂಟಿಸಿದೆ. ಅದೇ ಕೂಗುವ ಬಾಯಿ. ಇವತ್ತು ಬೆಳಿಗ್ಗೆ ಬಂದ ಗಿರಾಕಿಗೆ, ಕೇಳದಿದ್ದರೂ, 'ನೋಡಿ, ಅವಳು ನನ್ನ ಮಗಳು. ಹಾಡ್ತಿದ್ಲು' ಅಂದೆ. ಮೆಷೀನು ತುಳಿಯುತ್ತಲೇ ಹೇಳಿದ್ದರಿಂದ ಅವರಿಗೆ ಸರಿಯಾಗಿ ಕೇಳಿಸಲಿಲ್ಲ. 'ಆಂ?' ಅಂದರು. ಇನ್ನೊಂದು ಸಲ, ಜೋರಾಗಿ ಹೇಳಿದೆ.

ಇಂತಿ,
ಗರಗಸಳ ಅಪ್ಪ